ಪ್ರೊಫೈಲ್‌ನಲ್ಲಿ ‘ಲಿಂಗ’ದ ಕಾಲಂ: ಯಾರು ಕೇಳ್ತಾರೆ, ಯಾರಿಗೆ ಕಾಣುತ್ತೆ, ಯಾರು ಬಳಸ್ತಾರೆ?

ಹೊಸ ಆಪ್‌ನಲ್ಲಿ ಖಾತೆ ತೆರೆಯುವಾಗ ಹೆಸರು, ಹುಟ್ಟಿದ ದಿನ ಆದ ಮೇಲೆ ಸಾಮಾನ್ಯವಾಗಿ ಬರುವ ಪ್ರಶ್ನೆ ‘ಲಿಂಗ’. ಪುರುಷ, ಮಹಿಳೆ, ಇತರೆ. ಬಹುತೇಕರು ಯೋಚನೆ ಮಾಡದೇ ಒಂದನ್ನು ಒತ್ತಿ ಮುಂದೆ ಹೋಗ್ತಾರೆ. ಆದರೆ ಮನೆಯವರಿಗೆ ಇನ್ನೂ ಹೇಳಿಕೊಳ್ಳದ ಟ್ರಾನ್ಸ್ ಯುವತಿಗೆ, ರಾಜಕೀಯದ ಬಗ್ಗೆ ಎರಡು ಸಾಲು ಬರೆದರೆ ಇನ್‌ಬಾಕ್ಸ್ ತುಂಬಾ ಬೈಗುಳ ನೋಡಬೇಕಾದ ಹುಡುಗಿಗೆ ಅದು ಅಷ್ಟು ಸಲೀಸಲ್ಲ.

ಈ ಕಾಲಂ ಬಗ್ಗೆ ಮಾತಾಡುವಾಗ ಮೂರು ಬೇರೆ ಬೇರೆ ವಿಷಯಗಳನ್ನು ನಾವು ಕಲಸಿಬಿಡ್ತೀವಿ: ತೋರಿಸೋದು, ಬಳಸೋದು, ಕೇಳೋದು. ಪ್ರೈವೆಸಿ ಸೆಟ್ಟಿಂಗ್ಸ್ ನಮ್ಮ ಕೈಗೆ ಕೊಡೋದು ಹೆಚ್ಚಾಗಿ ಮೊದಲನೆಯದನ್ನು ಮಾತ್ರ.

ತೋರಿಸೋದು: ಯಾರಿಗೆ ಕಾಣಬೇಕು?

2011ರ ಜೂನ್‌ನಲ್ಲಿ ಗೂಗಲ್ ಪ್ಲಸ್ ಶುರುವಾದಾಗ ಬಳಕೆದಾರರ ಲಿಂಗ ಎಲ್ಲರಿಗೂ ಕಾಣುತ್ತಿತ್ತು, ಮುಚ್ಚಿಡುವ ಆಯ್ಕೆಯೇ ಇರಲಿಲ್ಲ. ಟೀಕೆ ಬಂದ ಮೇಲೆ ಜುಲೈನಲ್ಲೇ ಅದನ್ನು ಖಾಸಗಿಯಾಗಿಡಲು ಅವಕಾಶ ಕೊಟ್ಟರು. ಫೇಸ್‌ಬುಕ್ 2014ರ ಫೆಬ್ರವರಿಯಲ್ಲಿ ಅಮೆರಿಕದ ಬಳಕೆದಾರರಿಗೆ 50ಕ್ಕೂ ಹೆಚ್ಚು ಲಿಂಗತ್ವದ ಆಯ್ಕೆಗಳನ್ನು ತಂದಿತು. ಮರುವರ್ಷ ಬೇಕಾದ ಪದವನ್ನು ತಾವೇ ಬರೆದುಕೊಳ್ಳುವ ಅವಕಾಶವೂ ಬಂತು. 2021ರ ಮೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ ಕೆಲವು ದೇಶಗಳಲ್ಲಿ ಸರ್ವನಾಮದ ಕಾಲಂ ಸೇರಿಸಿತು. ಅದನ್ನು ಫಾಲೋವರ್‌ಗಳಿಗೆ ಮಾತ್ರ ಕಾಣುವಂತೆ ಇಟ್ಟುಕೊಳ್ಳಬಹುದು.

ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಹೆಣ್ಣು ಅಂತ ಕಾಣಿಸಿಕೊಳ್ಳುವುದಕ್ಕೆ ಎಂಥಾ ಬೆಲೆ ತೆರಬೇಕಾಗುತ್ತೆ ಅನ್ನೋದನ್ನು ನಾವು ನೋಡಿದ್ದೀವಿ. 2021ರ ಜುಲೈನಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿಯಲ್ಲಿ ‘ಬುಲ್ಲಿ ಬಾಯಿ’ ಎಂಬ ಆಪ್‌ಗಳು ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಹಾಕಿ ‘ಹರಾಜಿಗಿವೆ’ ಎಂದವು. ದನಿ ಎತ್ತುತ್ತಿದ್ದ ಪತ್ರಕರ್ತೆಯರು, ಹೋರಾಟಗಾರ್ತಿಯರು ಗುರಿಯಾದರು. ಕಾಲಂ ಮುಚ್ಚಿದ್ದರೆ ಇದು ತಪ್ಪುತ್ತಿತ್ತು ಅಂತ ಹೇಳಲಾಗದು. ಆದರೆ ಯಾರು ಎಷ್ಟು ಕಾಣಿಸಿಕೊಳ್ಳಬೇಕು ಅನ್ನೋದನ್ನು ಕಂಪನಿ ತೀರ್ಮಾನಿಸಬಾರದು. ಮುಚ್ಚಿಡುವ ಹಕ್ಕಿನಷ್ಟೇ ‘ನಾನು ಇವಳೇ’ ಅಂತ ತಲೆ ಎತ್ತಿ ಹೇಳಿಕೊಳ್ಳುವ ಹಕ್ಕೂ ಮುಖ್ಯ.

ಬಳಸೋದು: ಮುಚ್ಚಿಟ್ಟದ್ದು ಯಾರಿಂದ?

‘ನನಗೆ ಮಾತ್ರ ಕಾಣಲಿ’ ಅಂತ ಒತ್ತಿದರೆ ಮಾಹಿತಿ ಬೇರೆ ಬಳಕೆದಾರರಿಗೆ ಕಾಣಲ್ಲ, ಅಷ್ಟೇ. ಕಂಪನಿಯ ಬಳಿ ಅದು ಇದ್ದೇ ಇರುತ್ತೆ. ಫೇಸ್‌ಬುಕ್‌ನಲ್ಲಿ ನಮಗೆ ಹತ್ತಾರು ಪದಗಳ ಆಯ್ಕೆ ಸಿಕ್ಕರೂ ಜಾಹೀರಾತುದಾರರ ಮುಂದೆ ಇದ್ದ ಆಯ್ಕೆ ಹಳೆಯದೇ: ಎಲ್ಲರೂ, ಗಂಡಸರು, ಹೆಂಗಸರು.

ಇದು ಸೋಪು, ಶಾಂಪೂ ಜಾಹೀರಾತಿಗೆ ಸೀಮಿತವಾಗಿದ್ದರೆ ಸುಮ್ಮನಿರಬಹುದಿತ್ತು. ಅಮೆರಿಕದಲ್ಲಿ ಕೆಲವು ಉದ್ಯೋಗದ ಜಾಹೀರಾತುಗಳನ್ನು ಗಂಡಸರಿಗೆ ಮಾತ್ರ ಕಾಣುವಂತೆ ಹಾಕಲಾಗ್ತಿದೆ ಎಂದು 2018ರಲ್ಲಿ ಹಕ್ಕುಗಳ ಸಂಘಟನೆಗಳು ದೂರು ಕೊಟ್ಟವು. 2019ರ ಮಾರ್ಚ್‌ನಲ್ಲಿ ಫೇಸ್‌ಬುಕ್ ರಾಜಿ ಮಾಡಿಕೊಂಡು, ಅಲ್ಲಿನ ಉದ್ಯೋಗ, ಮನೆ, ಸಾಲದ ಜಾಹೀರಾತುಗಳಲ್ಲಿ ಲಿಂಗ, ವಯಸ್ಸಿನ ಆಧಾರದ ಗುರಿಯನ್ನು ನಿಲ್ಲಿಸಲು ಒಪ್ಪಿತು. ಕೆಲಸ ಖಾಲಿ ಇದೆ ಅನ್ನೋದೇ ಗೊತ್ತಾಗದ ಹುಡುಗಿ ಅರ್ಜಿ ಹಾಕೋದಾದರೂ ಹೇಗೆ?

ಹೇಳದೇ ಇದ್ದರೂ ಬಿಡೋದಿಲ್ಲ. ನೀವು ಲಿಂಗ ನಮೂದಿಸದಿದ್ದರೆ ನಿಮ್ಮ ಪ್ರೊಫೈಲ್, ಚಟುವಟಿಕೆ ನೋಡಿ ಊಹಿಸುವ ಪದ್ಧತಿ ಟ್ವಿಟರ್‌ನಲ್ಲಿತ್ತು. ಗೂಗಲ್ ಕೂಡ ಜಾಹೀರಾತಿಗಾಗಿ ಇಂಥ ಅಂದಾಜು ಮಾಡುತ್ತೆ.

ಕೇಳೋದು: ನಿಜಕ್ಕೂ ಬೇಕಾ?

ಮೂಲ ಪ್ರಶ್ನೆ ಇದು. ಭಾರತದಲ್ಲಿ ಕೋಟಿಗಟ್ಟಲೆ ಜನ ಬಳಸುವ ವಾಟ್ಸಾಪ್ ಖಾತೆ ತೆರೆಯುವಾಗ ಲಿಂಗ ಕೇಳೋದೇ ಇಲ್ಲ. ಅದರಿಂದ ಯಾರ ಮೆಸೇಜೂ ನಿಂತಿಲ್ಲ.

ಫ್ರಾನ್ಸ್‌ನ ರೈಲ್ವೆ ಕಂಪನಿ ಆನ್‌ಲೈನ್ ಟಿಕೆಟ್ ಕೊಳ್ಳುವವರು ‘ಶ್ರೀ’ ಅಥವಾ ‘ಶ್ರೀಮತಿ’ ಎಂಬರ್ಥದ ಪದ ಆರಿಸಲೇಬೇಕು ಎನ್ನುತ್ತಿತ್ತು. ‘ಮೂಸ್’ ಎಂಬ ಸಂಘಟನೆ ಇದನ್ನು ಪ್ರಶ್ನಿಸಿತು. 2025ರ ಜನವರಿ 9ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರ: ರೈಲು ಟಿಕೆಟ್ ಮಾರೋದಕ್ಕೆ ಈ ಮಾಹಿತಿ ಅನಿವಾರ್ಯವಲ್ಲ, ಗ್ರಾಹಕರಿಗೆ ಬರೆಯುವಾಗ ಲಿಂಗ ಸೂಚಿಸದ ಸಂಬೋಧನೆ ಬಳಸಬಹುದು.

ಕನ್ನಡಕ್ಕಂತೂ ಇದು ಕಷ್ಟವೇ ಅಲ್ಲ. ‘ಅವನು ಬಂದ’, ‘ಅವಳು ಬಂದಳು’ ಎಂಬ ಭೇದ ನಮ್ಮಲ್ಲಿದೆ ನಿಜ. ಆದರೆ ‘ಅವರು ಬಂದರು’ ಅಂದಾಗ ಗೌರವವೂ ಇದೆ, ಲಿಂಗದ ಗೊಡವೆಯೂ ಇಲ್ಲ. ಹಾಗಾಗಿ ಕನ್ನಡದ ಆಪ್‌ಗೆ ‘ವ್ಯಾಕರಣಕ್ಕಾಗಿ ಕೇಳ್ತೀವಿ’ ಎಂಬ ನೆಪ ಸಿಗೋದಿಲ್ಲ.

ಕೇಳಲೇಬೇಕಾದ ಜಾಗಗಳೂ ಇವೆ. ಬಸ್ಸಿನಲ್ಲಿ ಮಹಿಳೆಯರ ಮೀಸಲು ಸೀಟು ಬುಕ್ ಮಾಡುವಾಗ ಅದಕ್ಕೊಂದು ಕಾರಣವಿದೆ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಅಲ್ಲಿ ಗುರುತು ಹೇಳಿದರೆ ಒಂದು ಹಕ್ಕು ಸಿಗುತ್ತೆ. ಊಟ ತರಿಸುವ ಆಪ್‌ಗೆ ಹೇಳಿದರೆ ಏನು ಸಿಗುತ್ತೆ?

ನಮ್ಮ ಕಾನೂನು ಏನನ್ನುತ್ತೆ?

2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2019ರ ಡೇಟಾ ಸಂರಕ್ಷಣಾ ಮಸೂದೆಯಲ್ಲಿ ಟ್ರಾನ್ಸ್‌ಜೆಂಡರ್ ಸ್ಥಿತಿ, ಲೈಂಗಿಕ ಒಲವು ಇತ್ಯಾದಿಗಳನ್ನು ‘ಸೂಕ್ಷ್ಮ ಮಾಹಿತಿ’ ಎಂದು ಪ್ರತ್ಯೇಕಿಸಿ ಹೆಚ್ಚಿನ ರಕ್ಷಣೆ ಇಡಲಾಗಿತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಉಳಿದಿರುವ ಅಸ್ತ್ರ ಸೆಕ್ಷನ್ 6: ಒಪ್ಪಿಗೆ ಮುಕ್ತವಾಗಿರಬೇಕು, ಹೇಳಿದ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗೆ ಮಾತ್ರ ಅನ್ವಯಿಸಬೇಕು. ಕಾಯ್ದೆಯೇ ಉದಾಹರಣೆ ಕೊಡುತ್ತೆ: ವೈದ್ಯಕೀಯ ಸಲಹೆಯ ಆಪ್ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಪಡೆದರೆ, ಪಟ್ಟಿಯ ಮಟ್ಟಿಗೆ ಆ ಒಪ್ಪಿಗೆ ನಡೆಯಲ್ಲ. ಲಿಂಗದ ಕಾಲಂಗೂ ಇದೇ ತರ್ಕ ಹೂಡಬಹುದು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು; ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ಈಗ ಏನು ಮಾಡಬಹುದು?

ಕಡ್ಡಾಯವಲ್ಲದ ಕಡೆ ಕಾಲಂ ಖಾಲಿ ಬಿಡಿ. ಗೂಗಲ್ ಖಾತೆಯಲ್ಲಿ ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆಯಿದೆ. ಜಾಹೀರಾತು ಸೆಟ್ಟಿಂಗ್ಸ್ ತೆರೆದು ನಿಮ್ಮ ಬಗ್ಗೆ ಏನು ಊಹಿಸಿದ್ದಾರೆ ನೋಡಿ. ನಿಮ್ಮ ಸಂಘಟನೆ, ಕಾಲೇಜು, ಪ್ರತಿಭಟನೆಗೆ ನೀವೇ ಗೂಗಲ್ ಫಾರ್ಮ್ ಮಾಡ್ತಿದ್ರೆ ಮೊದಲು ಕೇಳಿಕೊಳ್ಳಿ: ಈ ಮಾಹಿತಿ ಯಾತಕ್ಕೆ? ಬೇಕೇ ಬೇಕಾದರೆ ಕಾರಣ ಬರೆಯಿರಿ, ‘ಇತರೆ’ ಬದಲು ತಮ್ಮ ಪದ ತಾವೇ ಬರೆಯಲು ಜಾಗ ಬಿಡಿ, ಕೆಲಸ ಮುಗಿದ ಮೇಲೆ ಅಳಿಸಿ.

ಕಂಪನಿಗಳಿಗೆ, ಸರ್ಕಾರಕ್ಕೆ ನಾವು ಕೇಳಬೇಕಾದ್ದೂ ಇದೇ ಪ್ರಶ್ನೆ: ಯಾಕೆ ಬೇಕು? ಉತ್ತರ ಇಲ್ಲದಿದ್ದರೆ ಆ ಕಾಲಂ ತೆಗೀರಿ.