ಕೆರಳುವ ಕರುಳು: ಹೊಟ್ಟೆಯ ಬೇನೆ, ಮನಸ್ಸಿನ ಬೇಗೆ

ಪರೀಕ್ಷೆಯ ದಿನಗಳಲ್ಲಿ ಮತ್ತೆ ಮತ್ತೆ ಶೌಚಾಲಯಕ್ಕೆ ಓಡುವ ವಿದ್ಯಾರ್ಥಿ, ಮನೆಯಲ್ಲಿ ಸಾವು ಸಂಭವಿಸಿದ ಮೇಲೆ ತಿಂಗಳುಗಟ್ಟಲೆ ಹೊಟ್ಟೆನೋವಿನಿಂದ ನರಳುವ ಗೃಹಿಣಿ - ಇಂಥವರ ರಕ್ತ, ಮಲ, ಸ್ಕ್ಯಾನಿಂಗ್ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣದಿರಬಹುದು. ಜನರು ‘ಗ್ಯಾಸ್ಟ್ರಿಕ್’ ಎಂದು ಕರೆಯುವ ತೊಂದರೆಗಳಲ್ಲಿ ಕೆಲವು ವಾಸ್ತವವಾಗಿ ಇರಿಟೆಬಲ್ ಬವೆಲ್ ಸಿಂಡ್ರೋಮ್, ಅಂದರೆ ಐಬಿಎಸ್.

ಲಕ್ಷಣಗಳೇನು?

2016ರ ‘ರೋಮ್-4’ ಮಾನದಂಡದಂತೆ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ 1 ದಿನವಾದರೂ ಹೊಟ್ಟೆನೋವಿರಬೇಕು. ಅದು ಮಲವಿಸರ್ಜನೆಯೊಂದಿಗಿನ ಸಂಬಂಧ, ವಿಸರ್ಜನೆಯ ಸಂಖ್ಯೆಯಲ್ಲಿ ಬದಲಾವಣೆ, ಮಲದ ಸ್ವರೂಪದಲ್ಲಿ ಬದಲಾವಣೆ - ಈ ಮೂರರಲ್ಲಿ ಕನಿಷ್ಠ ಎರಡರೊಡನೆ ಕೂಡಿರಬೇಕು. ತೊಂದರೆ ಆರಂಭವಾಗಿ 6 ತಿಂಗಳಾದರೂ ಕಳೆದಿರಬೇಕು.

ಮನಸ್ಸಿನ ಪಾತ್ರ

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಇವು ಮಿದುಳಿನೊಂದಿಗೆ ನಿರಂತರ ಸಂಪರ್ಕದಲ್ಲಿರುತ್ತವೆ. ಆತಂಕವಾದಾಗ ಮಿದುಳಿನಿಂದ ಹೊರಡುವ ಸಂದೇಶಗಳು ಜಠರದ ಚಲನೆಯನ್ನು ನಿಧಾನಗೊಳಿಸಿ, ದೊಡ್ಡ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತವೆ. ಅನೇಕ ಐಬಿಎಸ್ ರೋಗಿಗಳಲ್ಲಿ ಕರುಳಿನ ಸಂವೇದನೆಯೂ ತೀಕ್ಷ್ಣವಾಗಿರುವುದರಿಂದ, ಇತರರ ಅರಿವಿಗೇ ಬಾರದ ವಾಯುವಿನ ಒತ್ತಡವೂ ಅವರಿಗೆ ನೋವಾಗಿ ಕಾಡುತ್ತದೆ.

ತೀವ್ರ ವಾಂತಿಭೇದಿಯಿಂದ ಗುಣಮುಖರಾದ ಕೆಲವರಲ್ಲಿಯೂ ಐಬಿಎಸ್ ಉಳಿದುಕೊಳ್ಳುತ್ತದೆ. ಸೋಂಕಿನ ವೇಳೆಗೆ ಜೀವನದಲ್ಲಿ ಹೆಚ್ಚು ಒತ್ತಡ, ಆತಂಕ ಅನುಭವಿಸುತ್ತಿದ್ದವರಲ್ಲಿ ಈ ಸಾಧ್ಯತೆ ಅಧಿಕವೆಂದು ಅಧ್ಯಯನಗಳು ಕಂಡುಕೊಂಡಿವೆ. ಬಾಲ್ಯದ ಕಹಿ ಅನುಭವಗಳಿಗೂ ಈ ರೋಗಕ್ಕೂ ಸಂಬಂಧವಿದೆ. ಆದರೆ ಒತ್ತಡವೊಂದೇ ಕಾರಣವಲ್ಲ. ಕರುಳಿನ ಬೇನೆಯೂ ಆತಂಕವನ್ನು ಹುಟ್ಟಿಸುತ್ತದೆ. ಹೀಗಾಗಿ ‘ಇದೆಲ್ಲ ಬರೀ ಮನಸ್ಸಿನ ಭ್ರಮೆ’ ಎಂದು ರೋಗಿಯನ್ನು ಸಾಗಹಾಕುವುದು ತಪ್ಪು. ನೋವು ನಿಜವಾದದ್ದೇ.

ಚಿಕಿತ್ಸೆ

ರೋಗದ ಸ್ವರೂಪವನ್ನು ತಿಳಿಯಹೇಳಿ ಕ್ಯಾನ್ಸರ್‌ನ ಭಯ ನಿವಾರಿಸುವುದೇ ಮೊದಲ ಹೆಜ್ಜೆ. ಆಹಾರದ ಮಾರ್ಪಾಡು, ನಿಯಮಿತ ವ್ಯಾಯಾಮಗಳ ಜೊತೆಗೆ ಆಲೋಚನೆ ಹಾಗೂ ವರ್ತನೆಯನ್ನು ತಿದ್ದುವ ಮನೋಚಿಕಿತ್ಸೆ ಪ್ರಯೋಜನಕಾರಿ. 1984ರಲ್ಲಿ ಮ್ಯಾಂಚೆಸ್ಟರ್‌ನ ಡಾ. ಪೀಟರ್ ವೊರ್ವೆಲ್ ಮತ್ತು ಸಂಗಡಿಗರು, ಬೇರೆ ಚಿಕಿತ್ಸೆಗೆ ಬಗ್ಗದ 30 ರೋಗಿಗಳ ಪ್ರಯೋಗದಲ್ಲಿ ಸಂಮೋಹನ ಚಿಕಿತ್ಸೆಯ ಗುಣವನ್ನು ತೋರಿಸಿದರು. ಖಿನ್ನತೆಗೆ ನೀಡುವ ಅಮಿಟ್ರಿಪ್ಟಿಲಿನ್ ಅಲ್ಪ ಪ್ರಮಾಣದಲ್ಲಿ ಐಬಿಎಸ್‌ಗೆ ಉಪಯುಕ್ತವೆಂದು 2023ರ ಬ್ರಿಟಿಷ್ ಅಧ್ಯಯನ ದೃಢಪಡಿಸಿತು. ಈ ಔಷಧ ಬರೆದುಕೊಟ್ಟ ಮಾತ್ರಕ್ಕೆ ರೋಗಿಗೆ ಮಾನಸಿಕ ಕಾಯಿಲೆಯಿದೆ ಎಂದರ್ಥವಲ್ಲ.

ಎಚ್ಚರಿಕೆ

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ವರ್ಷ ದಾಟಿದ ಮೇಲೆ ಹೊಸದಾಗಿ ಕಾಣಿಸಿಕೊಂಡ ತೊಂದರೆ, ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್‌ನ ಇತಿಹಾಸ - ಇವುಗಳಲ್ಲಿ ಯಾವುದಿದ್ದರೂ ಅದನ್ನು ಒತ್ತಡದ ಪರಿಣಾಮವೆಂದು ತಳ್ಳಿಹಾಕದೆ ಕೂಡಲೇ ವೈದ್ಯರನ್ನು ಕಾಣಬೇಕು.