ತೆಗೆದ ಉಪ್ಪು ಎಲ್ಲಿಗೆ ಹೋಗುತ್ತದೆ?

ಸೂಲಿಬೆಲೆ ಸುತ್ತಮುತ್ತ ಈಗ ಕುಡಿಯುವ ನೀರೆಂದರೆ ಬೋರ್‌ವೆಲ್ ನೀರು, ಅದನ್ನು ಸೋಸಿ ಕೊಡುವ ಆರ್‌ಒ ಘಟಕ. ಈ ಯಂತ್ರಕ್ಕೆ 60 ವರ್ಷಕ್ಕೂ ಮೀರಿದ ಇತಿಹಾಸವಿದೆ. ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ತೆಳುಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ತಯಾರಿಸಿದವರು ಸಿಡ್ನಿ ಲೋಬ್ ಮತ್ತು ನಮ್ಮ ದೇಶದಲ್ಲೇ ಹುಟ್ಟಿದ ಶ್ರೀನಿವಾಸ ಸೌರಿರಾಜನ್. 1965ರಲ್ಲಿ ಅದು ಮೊದಲು ನೀರು ಕೊಟ್ಟದ್ದು ಅಲ್ಲಿನ ಕೋಲಿಂಗಾ ಎಂಬ ಒಳನಾಡಿನ ಸಣ್ಣ ಊರಿಗೆ. ಬಾವಿ ನೀರು ಉಪ್ಪಾಗಿದ್ದರಿಂದ ಆ ಊರಿನವರು ಹಿಂದೆ ರೈಲಿನಲ್ಲಿ ನೀರು ತರಿಸುತ್ತಿದ್ದರು.

ಆಮೇಲೆ ಈ ಪೊರೆ ಕಡಲ ದಡಕ್ಕೂ ಹೋಯಿತು. ಚೆನ್ನೈ ಬಳಿ 2010ರಲ್ಲಿ ಮಿಂಜೂರು, 2013ರಲ್ಲಿ ನೆಮ್ಮೇಲಿ ಘಟಕ ಶುರುವಾದವು. ಒಂದೊಂದರ ಸಾಮರ್ಥ್ಯ ದಿನಕ್ಕೆ 10 ಕೋಟಿ ಲೀಟರ್. ನಮ್ಮ ರಾಜ್ಯದಲ್ಲಿ, ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ ತೊಂದರೆಗೆ ಸಿಕ್ಕಿದ ಎಂಆರ್‌ಪಿಎಲ್ ಮಂಗಳೂರಿನ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಘಟಕ ಕಟ್ಟಿಕೊಂಡಿತು.

ಸಿಹಿನೀರು ನಲ್ಲಿಗೆ ಬಂತು. ಉಳಿದ ಉಪ್ಪು? ಅದು ಸುಮಾರು ಎರಡರಷ್ಟು ಗಟ್ಟಿಯಾದ ಉಪ್ಪುನೀರಾಗಿ ಕಡಲಿಗೇ ವಾಪಸ್ ಹೋಗುತ್ತದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ತಜ್ಞರು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜಗತ್ತಿನ ಎಲ್ಲ ಘಟಕಗಳು ಸೇರಿ ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರು ಕೊಟ್ಟರೆ, 14.2 ಕೋಟಿ ಘನ ಮೀಟರ್ ಉಪ್ಪುನೀರು ಹೊರಬಿಡುತ್ತವೆ.

ಈ ನೀರು ಭಾರ. ಅಲೆಗೆ ಸರಿಯಾಗಿ ಬೆರೆಯದಿದ್ದರೆ ತಳಕ್ಕೆ ಇಳಿದು ಕೂರುತ್ತದೆ. ಅಲ್ಲಿ ಅದಕ್ಕೆ ಮೊದಲು ಸಿಗುವುದು ಕಣ್ಣಿಗೆ ಕಾಣದ ಜೀವಿಗಳು. ಒಂದು ಮಿಲಿಲೀಟರ್ ಕಡಲ ನೀರಿನಲ್ಲೇ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳು ಉಪ್ಪು ಬಿದ್ದ ಕೂಡಲೇ ನೀರು ಬಿಡುವುದಿಲ್ಲವೇ, ಹಾಗೆಯೇ ಈ ಜೀವಿಗಳ ಒಳಗಿನ ನೀರೂ ಹೊರಬರುತ್ತದೆ. ತಡೆಯಲಾರದವು ಕಡಿಮೆಯಾಗುತ್ತವೆ, ಉಪ್ಪು ತಾಳುವವು ಹೆಚ್ಚುತ್ತವೆ. ಪೊರೆಗೆ ಉಪ್ಪು ಕಟ್ಟದಂತೆ ಹಾಕುವ ರಂಜಕದ ರಾಸಾಯನಿಕ ಕೆಲವು ಬ್ಯಾಕ್ಟೀರಿಯಾಗಳಿಗೆ ಗೊಬ್ಬರವಾಗುವುದನ್ನು ಇಸ್ರೇಲಿನ ವಿಜ್ಞಾನಿಗಳು ಕಂಡಿದ್ದಾರೆ. ಹೀಗಾಗಿ ಸಂಖ್ಯೆ ಅಷ್ಟೇ ಇದ್ದರೂ ಜಾತಿಗಳು ಬದಲಾಗಬಹುದು. ಕಡಲಿನ ಸೂಕ್ಷ್ಮಸಸ್ಯಗಳನ್ನು, ಅವನ್ನು ತಿನ್ನುವ ಸಣ್ಣ ಜೀವಿಗಳನ್ನು ತಿಂದೇ ಬೂತಾಯಿ ಬದುಕುವುದು. ಆದ್ದರಿಂದ ಇದು ಮೀನುಗಾರರ ಅನ್ನದ ಪ್ರಶ್ನೆಯೂ ಹೌದು. ಪೈಪಿನ ತುದಿಗೆ ಹಲವು ಬಾಯಿ ಇಟ್ಟು, ಹರಿವು ಜೋರಾಗಿರುವ ಕಡೆ ಬಿಟ್ಟರೆ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ಕಡಲಿಗಾದರೆ ಬೆರೆಸಿಕೊಳ್ಳಲು ಅಷ್ಟು ನೀರಿದೆ. ನಮಗೆ ಕಡಲಿಲ್ಲ. ನಮ್ಮ ಘಟಕಗಳು ಬಿಡುವ ನೀರು ಸಮುದ್ರದಷ್ಟು ಉಪ್ಪಲ್ಲ, ನಿಜ. ಆದರೆ ಬೋರ್‌ವೆಲ್‌ನಲ್ಲಿದ್ದ ಲವಣ, ಫ್ಲೋರೈಡ್, ನೈಟ್ರೇಟ್ ಎಲ್ಲ ಅದರಲ್ಲಿ ಇನ್ನಷ್ಟು ಗಟ್ಟಿಯಾಗಿರುತ್ತವೆ. ಚರಂಡಿಗೆ ಬಿಟ್ಟರೆ ತಗ್ಗಿನ ಕೆರೆಗೋ ಹೊಲಕ್ಕೋ ಸೇರಿ, ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಅದನ್ನು ತೊಟ್ಟಿಯಲ್ಲಿ ಹಿಡಿದು ಶೌಚಾಲಯಕ್ಕೆ, ನೆಲ ತೊಳೆಯುವುದಕ್ಕೆ ಬಳಸಬಹುದು.

ಮುಂದಿನ ಗ್ರಾಮಸಭೆಯಲ್ಲಿ ಘಟಕ ಕೆಟ್ಟಿದೆಯೇ ಎಂದು ಕೇಳುವಾಗ, ಅದು ಬಿಟ್ಟ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನೂ ನಾವೆಲ್ಲ ಕೇಳೋಣ.