ಗಾಲಿಕುರ್ಚಿ ಬಂದ ದಾರಿ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಎಂದಮೇಲೆ ಷೇರು ಬಂಡವಾಳ, ಠೇವಣಿ, ಸಾಲ ವಸೂಲಾತಿಯ ವಿವರ ಇದ್ದೇ ಇರುತ್ತದೆ. ಅವನ್ನು ಬರೆಯಲು ತಿಳಿದವರು ಬೇರೆ ಇದ್ದಾರೆ. ನಾವು ಇಲ್ಲಿ ಬರೆಯಹೊರಟಿರುವುದು ಲೆಡ್ಜರಿನಲ್ಲಿ ಕಾಣದ, ಆದರೆ ಸಹಕಾರ ಎಂಬ ಮಾತಿಗೆ ತೀರಾ ಹತ್ತಿರದ ಒಂದು ಚರಿತ್ರೆ. ನಡೆಯಲಾರದವರಿಗೆ ಗಾಲಿಕುರ್ಚಿ ಒದಗಿಸಲು ಜನ ಚಂದಾ ಎತ್ತಿದ, ಮೈಮುರಿದು ದುಡಿದ ಚರಿತ್ರೆ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದಾಗ ಅದರ ಹಿಂದೆ ಇದ್ದದ್ದು ಒಬ್ಬನ ಕೈಲಿ ಆಗದ್ದು ಹತ್ತು ಜನರ ಕೈಲಿ ಆಗುತ್ತೆ ಎಂಬ ಸರಳ ಲೆಕ್ಕ. ಗಾಲಿಕುರ್ಚಿಯ ವಿಷಯದಲ್ಲೂ ನಡೆದದ್ದು ಅದೇ ಲೆಕ್ಕ. ಆದರೆ ದುಡ್ಡು ಕೂಡಿದ ಮೇಲೂ ಒಂದು ಪಾಠ ಕಲಿಯುವುದು ಬಾಕಿ ಇತ್ತು.

ನಮ್ಮ ಕಡೆ ಗಾಲಿಕುರ್ಚಿ ಯಾರಿಗೆ ಬೇಕಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಶ್ರೀನಿವಾಸಪುರ ತಾಲ್ಲೂಕು ಮಾವಿಗೆ ಹೆಸರಾದದ್ದು. ಮಾವು ಕೀಳುವಾಗ, ಹುಣಸೆ ಬಡಿಯುವಾಗ ಕೊಂಬೆ ಮುರಿದು ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಳ್ಳುವವರು ಉಂಟು. ಬಾವಿ ತೋಡುವ ಕಾಲದಲ್ಲಿ ಬಾವಿಯೊಳಗೆ ಬೀಳುತ್ತಿದ್ದರು. ಈಗ ಬಾವಿಗಳು ಬತ್ತಿವೆ, ಬದಲಿಗೆ ಮೋಟಾರ್ ಬೈಕಿನಿಂದ ಬೀಳುತ್ತಾರೆ. ಅತ್ತ ಕೋಲಾರದ ಚಿನ್ನದ ಗಣಿಯಲ್ಲಿ, 2001ರಲ್ಲಿ ಅದು ಮುಚ್ಚುವ ತನಕ, ಭೂಮಿಯೊಳಗೆ ಬಂಡೆ ಸಿಡಿದು ಕೈಕಾಲು ಕಳೆದುಕೊಂಡ ಕಾರ್ಮಿಕರಿದ್ದರು. ಲಕ್ವ ಹೊಡೆದವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಜಿಲ್ಲೆಗೇ ಅಂಟಿಕೊಂಡ ಇನ್ನೊಂದು ಶಾಪ ನೀರಿನದು. ಕೊಳವೆಬಾವಿ 1000 ಅಡಿ ದಾಟಿದ ಮೇಲೆ ಬರುವ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಗಡಸಾಗಿ, ಬೆನ್ನು ಬಗ್ಗಿ, ಕೆಲವರಿಗೆ ಹೆಜ್ಜೆ ಎತ್ತುವುದೇ ಕಷ್ಟವಾಗುತ್ತದೆ.

ಇವೆಲ್ಲಕ್ಕಿಂತ ಹಳೆಯದು ಪೋಲಿಯೋ. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೋ ಶುರುವಾಯಿತು. ಮನೆಮನೆಗೆ ಹೋಗಿ ಹನಿ ಹಾಕಿದ ಅಂಗನವಾಡಿಯವರು, ಬೂತಿನಲ್ಲಿ ಬಿಸಿಲಿಗೆ ಕೂತ ಶಾಲಾ ಮೇಷ್ಟ್ರುಗಳು, ರೋಟರಿಯವರು, ಇವರ ಶ್ರಮದ ಫಲವಾಗಿ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚಿನಲ್ಲಿ ಪೋಲಿಯೋ ಹೋಯಿತೆಂದು ಪ್ರಮಾಣಪತ್ರವೂ ಬಂತು. ರೋಗ ಹೋಯಿತು ನಿಜ. ಅದು ಮುಟ್ಟಿಹೋದ ಮಕ್ಕಳು ದೊಡ್ಡವರಾಗಿ ನಮ್ಮ ನಡುವೆಯೇ ಇದ್ದಾರೆ.

ಹಿಂದೆಲ್ಲ ಬೆನ್ನುಮೂಳೆ ಮುರಿದವನು ಆಸ್ಪತ್ರೆಯಿಂದ ಮನೆಗೆ ಬಂದನೆಂದರೆ ಮುಗೀತು ಅಂತಲೇ ಲೆಕ್ಕ. ನಡುಮನೆಯಲ್ಲಿ ಒಂದು ಚಾಪೆ, ಹೆಂಡತಿಯೋ ತಾಯಿಯೋ ಹೊತ್ತು ತಿರುಗಿಸಬೇಕು. ಸೊಂಟದ ಕೆಳಗೆ ಸ್ಪರ್ಶವಿಲ್ಲದವನಿಗೆ ಹಾಸಿಗೆ ಹುಣ್ಣಾದದ್ದು ಗೊತ್ತೇ ಆಗುವುದಿಲ್ಲ. ಹುಣ್ಣು ಮೂಳೆ ಮುಟ್ಟಿ, ನಂಜೇರಿ ಸತ್ತವರನ್ನು ಜನ ‘ಮರದಿಂದ ಬಿದ್ದು ಸತ್ತ’ ಎಂದೇ ಹೇಳುತ್ತಿದ್ದರು. ಮರದಿಂದ ಬಿದ್ದದ್ದು ಎಂದೋ, ಕೊಂದದ್ದು ಹುಣ್ಣು.

ನಮ್ಮವರಿಗೆ ದೊಡ್ಡಾಸ್ಪತ್ರೆ ಎಂದರೆ ಒಂದು ದಿಕ್ಕಿಗೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಮುಳಬಾಗಿಲು, ನಂಗಲಿ ದಾಟಿ ಚಿತ್ತೂರಿನ ಮೇಲೆ ಹೋಗುವ ವೆಲ್ಲೂರು. ಈ ಚರಿತ್ರೆಯ ದೊಡ್ಡ ಹೆಸರುಗಳಲ್ಲಿ ಒಂದು ವೆಲ್ಲೂರಿನದೇ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವ ವೈದ್ಯೆ ಮೇರಿ ವರ್ಗೀಸ್ ಅವರಿಗೆ 1954ರಲ್ಲಿ ರಸ್ತೆ ಅಪಘಾತವಾಗಿ ಬೆನ್ನುಹುರಿ ಕತ್ತರಿಸಿ, ಕಾಲುಗಳ ಸ್ವಾಧೀನ ತಪ್ಪಿತು. ಆಕೆ ಮೂಲೆ ಹಿಡಿಯಲಿಲ್ಲ. ಡಾ. ಪಾಲ್ ಬ್ರ್ಯಾಂಡ್ ಅವರ ಒತ್ತಾಸೆಯಿಂದ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಕೀಯ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ಕುರ್ಚಿಯಲ್ಲಿ ಕೂತ ಡಾಕ್ಟರಮ್ಮನೇ ಎದುರಿಗೆ ಬಂದು ‘ಏಳು’ ಅಂದರೆ ಮಲಗಿದವನಿಗೆ ಬೇರೆ ಉಪದೇಶ ಬೇಕೆ?

ಬೆಂಗಳೂರಿನಲ್ಲೂ ಹೀಗೆಯೇ. 1959ರಲ್ಲಿ, ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದಾಗ, ತಾವೇ ಗಾಲಿಕುರ್ಚಿ ಬಳಸುತ್ತಿದ್ದ ಎನ್. ಎಸ್. ಹೇಮಾ ಅವರು ಒಂದು ಸಂಸ್ಥೆ ಹುಟ್ಟುಹಾಕಿದರು. ಮೊದಲು ಅದರ ಹೆಸರು ‘ಅಸೋಸಿಯೇಷನ್ ಆಫ್ ದಿ ಫಿಸಿಕಲಿ ಹ್ಯಾಂಡಿಕ್ಯಾಪ್ಡ್’; ಆಮೇಲೆ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಆಯಿತು. ಲಿಂಗರಾಜಪುರದ ಎ.ಪಿ.ಡಿ. ಎಂದರೆ ತಿಳಿಯುತ್ತದೆ. ಅಯ್ಯೋ ಪಾಪ ಎಂದು ಕೊಡುವ ಕಡೆಯವರು ಕಟ್ಟಿದ್ದಲ್ಲ, ಬೇಕಾದವರೇ ಕಟ್ಟಿದ್ದು ಎಂಬುದು ಇದರ ವಿಶೇಷ. ಸಾಲ ಬೇಕಾದ ರೈತರೇ ಸೇರಿ ಸೊಸೈಟಿ ಕಟ್ಟಿಕೊಂಡ ಹಾಗೆ. ಶಾಲೆ, ಕೈಕೆಲಸದ ತರಬೇತಿ, ತೋಟಗಾರಿಕೆ, ವ್ಯಾಯಾಮ ಚಿಕಿತ್ಸೆ ಎಲ್ಲವೂ ಅಲ್ಲಿ ಬಂದವು. ಕುರ್ಚಿ ಅವುಗಳ ನಡುವೆ ಒಂದು ಸಾಧನ, ಅಷ್ಟೆ.

ಈ ನಡುವೆ ಸರ್ಕಾರವೂ ಕೈಹಾಕಿತು. ಕೈಕಾಲಿನ ಸಾಧನ ತಯಾರಿಸಲು ಕಾನ್ಪುರದಲ್ಲಿ 1972ರಲ್ಲಿ ಕೇಂದ್ರದ ಕಾರ್ಖಾನೆ ‘ಅಲಿಂಕೋ’ ಸ್ಥಾಪನೆಯಾಯಿತು. ಬಡವರಿಗೆ ಸಾಧನ ಕೊಡುವ ಯೋಜನೆ 1981ರಲ್ಲಿ ಬಂತು. ನಮ್ಮ ಹಳ್ಳಿಗಳಲ್ಲಿ ಕೈಯಲ್ಲಿ ತುಳಿಯುವ ಮೂರು ಗಾಲಿ ಸೈಕಲ್ ಕಾಣಿಸಿಕೊಂಡದ್ದು ಇಂಥ ದಾರಿಯಿಂದ. ರೋಟರಿ, ಲಯನ್ಸ್ ಸಂಸ್ಥೆಗಳೂ ಊರೂರಲ್ಲಿ ಶಿಬಿರ ಮಾಡಿದವು. ಶಾಮಿಯಾನ, ಮೈಕು, ಹಾರ, ಗಣ್ಯರ ಭಾಷಣ. ಬಿಸಿಲಲ್ಲಿ ಸಾಲಾಗಿ ಕೂತ ಫಲಾನುಭವಿಗಳು. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ. ಇದನ್ನು ಹಳಿಯುವುದು ಸುಲಭ. ಆದರೆ ಅಂದು ಕುರ್ಚಿಗಳು ಬಂದದ್ದು ಆ ಶಾಮಿಯಾನದ ಕೆಳಗೆ ಎಂಬುದನ್ನೂ ಒಪ್ಪಬೇಕು. ಅಂಗಡಿ ಅಂಗಡಿಗೆ ರಸೀತಿ ಪುಸ್ತಕ ಹಿಡಿದು ತಿರುಗಿದ, ಲಾರಿಯಿಂದ ಪೆಟ್ಟಿಗೆ ಇಳಿಸಿ ರಾತ್ರಿಯೆಲ್ಲಾ ನಟ್ಟು ಬೋಲ್ಟು ಬಿಗಿದ ಹುಡುಗರ ಹೆಸರು ಯಾವ ಫೋಟೋದ ಅಡಿಯಲ್ಲೂ ಇಲ್ಲ.

ತೊಂದರೆ ಶುರುವಾಗುತ್ತಿದ್ದದ್ದು ಶಾಮಿಯಾನ ಬಿಚ್ಚಿದ ಮೇಲೆ. ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ ಕುರ್ಚಿಯ ಮುಂದಿನ ಪುಟ್ಟ ಗಾಲಿ ನಮ್ಮ ಕೆಮ್ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಕುರ್ಚಿಯ ಅಗಲ ಹಳೇ ಮನೆಯ ಬಾಗಿಲಲ್ಲಿ ತೂರುವುದಿಲ್ಲ. ತೂರಿದರೂ ಹೊಸ್ತಿಲು ಅಡ್ಡ. ದೊಡ್ಡವರ ಕುರ್ಚಿಯಲ್ಲಿ ಎಂಟು ವರ್ಷದ ಮಗುವನ್ನು ಕೂರಿಸಿದರೆ ಒಂದು ಕಡೆ ವಾಲಿ ಬೆನ್ನು ಸೊಟ್ಟಗಾಗುತ್ತದೆ. ಮೆತ್ತೆ ಇಲ್ಲದ ಸೀಟಿನಲ್ಲಿ ಸ್ಪರ್ಶವಿಲ್ಲದವರು ದಿನವಿಡೀ ಕೂತರೆ ಚಾಪೆಯ ಮೇಲೆ ಆಗುತ್ತಿದ್ದ ಹುಣ್ಣೇ ಇಲ್ಲೂ ಆಗುತ್ತದೆ. ಕೊನೆಗೆ ಕುರ್ಚಿ ಮೂಲೆ ಸೇರಿ, ಅದರ ಮೇಲೆ ರಾಗಿ ಮೂಟೆ ಕೂರುತ್ತದೆ. ಮೂಟೆ ಹೊತ್ತ ಕುರ್ಚಿಯನ್ನು ನಾವು ಒಂದಕ್ಕಿಂತ ಹೆಚ್ಚು ಮನೆಯಲ್ಲಿ ನೋಡಿದ್ದೇವೆ. ಮನೆಯವರನ್ನು ಬೈದು ಪ್ರಯೋಜನವಿಲ್ಲ.

ಇದೇ ಹೊತ್ತಿಗೆ ದೂರದ ಅಮೆರಿಕದಿಂದ ಒಂದು ವಿಚಾರ ಬಂತು. ಡಾನ್ ಶೋನ್‌ಡಾರ್ಫರ್ ಎಂಬ ಎಂಜಿನಿಯರು ಮೊರಾಕ್ಕೋದಲ್ಲಿ ಒಬ್ಬ ಹೆಂಗಸು ಕೈಯೂರಿ ತೆವಳುತ್ತಾ ರಸ್ತೆ ದಾಟಿದ್ದನ್ನು ಕಂಡು, ಎಷ್ಟೋ ವರ್ಷಗಳಾದ ಮೇಲೂ ಮರೆಯಲಾರದೆ, ತೋಟದಲ್ಲಿ ಹಾಕುವ ಬಿಳಿ ಪ್ಲಾಸ್ಟಿಕ್ ಕುರ್ಚಿಗೆ ಸೈಕಲ್ ಚಕ್ರ ಕೂಡಿಸಿ ಅಗ್ಗದ ಗಾಲಿಕುರ್ಚಿ ಮಾಡಿದರು. 2001ರಲ್ಲಿ ಮೊದಲ ನಾಲ್ಕು ಕುರ್ಚಿ ಬಂದದ್ದು ನಮ್ಮ ನೆರೆಯ ಚೆನ್ನೈಗೆ. ದಾನಿಗಳು ಕೊಟ್ಟ ಹಣದಿಂದ ಆಮೇಲೆ ಲಕ್ಷಗಟ್ಟಲೆ ಹಂಚಿಕೆಯಾದವು. ಎಲ್ಲರಿಗೂ ಒಂದೇ ಅಳತೆ ಎಂಬ ಟೀಕೆ ಬಂತು; ಅಳತೆಗೆ ತಕ್ಕಂತೆ ಹೊಂದಿಸುವ ಮಾದರಿಗಳನ್ನು ಅವರೂ ತಂದರು. ಏನೂ ಇಲ್ಲದವನಿಗೆ ಯಾವುದಾದರೂ ಒಂದು ಕುರ್ಚಿ ಕೊಡುವುದು ಸರಿಯೋ, ತಡವಾದರೂ ಹೊಂದುವ ಕುರ್ಚಿ ಕೊಡುವುದು ಸರಿಯೋ? ನಮಗೆ ಎರಡನೆಯದೇ ಸರಿ ಅನಿಸುತ್ತದೆ. ಆದರೆ ತೆವಳುತ್ತಾ ಕಾಯುವವನ ಮುಂದೆ ಈ ಮಾತು ಹೇಳಲು ಗಟ್ಟಿ ಎದೆ ಬೇಕು.

ಈ ಜಗಳವನ್ನು ತೀರ್ಮಾನಿಸಲು ಜಗತ್ತಿನ ತಜ್ಞರು ಕೂಡಿದ್ದು ಬೇರೆಲ್ಲೂ ಅಲ್ಲ, ನಮ್ಮ ಬೆಂಗಳೂರಿನಲ್ಲಿ. 2006ರ ನವೆಂಬರ್ 6ರಿಂದ 11ರವರೆಗೆ, ಬಡ ದೇಶಗಳಿಗೆ ಎಂಥ ಗಾಲಿಕುರ್ಚಿ ಬೇಕು ಎಂದು ಚರ್ಚಿಸಿದ ಸಮ್ಮೇಳನ ಅದು. ವಿಶ್ವ ಆರೋಗ್ಯ ಸಂಸ್ಥೆ ಅದರಲ್ಲಿ ಪಾಲುಗೊಂಡಿತ್ತು. 1994ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ‘ಮೊಬಿಲಿಟಿ ಇಂಡಿಯಾ’ ಸಂಸ್ಥೆ ಆತಿಥ್ಯ ವಹಿಸಿತ್ತು. ಅಲ್ಲಿಯ ಮಾತುಕತೆಯ ಫಲವಾಗಿ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಹೊರಬಂತು. ಯಲ್ದೂರಿನಿಂದ ಕೆಲವು ಗಂಟೆಗಳ ಬಸ್ ದಾರಿಯಲ್ಲಿ ನಡೆದ ಈ ಸಂಗತಿ ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು?

ಆ ಮಾರ್ಗದರ್ಶಿಯಲ್ಲಿ ಒಬ್ಬ ಮನುಷ್ಯನಿಗೆ ಕುರ್ಚಿ ಒದಗಿಸುವ ಕೆಲಸವನ್ನು 8 ಹಂತವಾಗಿ ಹೇಳಿದ್ದಾರೆ. ಆ ಮನುಷ್ಯನನ್ನು ಗುರುತಿಸಿ ಕರೆತರುವುದು ಮೊದಲನೆಯದು. ಆಮೇಲೆ ಅವನ ಮೈ, ಮನೆ, ಕೆಲಸ ನೋಡಿ ಅಳತೆ ತೆಗೆಯುವುದು, ಯಾವ ಕುರ್ಚಿ ಎಂದು ನಿಶ್ಚಯಿಸುವುದು. ದುಡ್ಡು ಹೊಂದಿಸುವುದು 4ನೆಯ ಹಂತ! ಚಂದಾ ಎತ್ತುವವರು ಅದನ್ನೇ ಮೊದಲೂ ಕೊನೆಯೂ ಅಂದುಕೊಂಡಿರುತ್ತಾರೆ. ದುಡ್ಡು ಬಂದ ಮೇಲೂ ಕುರ್ಚಿ ಸಿದ್ಧಮಾಡುವುದು, ಕೂರಿಸಿ ಹೊಂದಿಸುವುದು, ನಡೆಸಲು ಕಲಿಸುವುದು, ರಿಪೇರಿ ಮತ್ತು ಮತ್ತೆ ಮತ್ತೆ ಹೋಗಿ ನೋಡುವುದು, ಹೀಗೆ ನಾಲ್ಕು ಹಂತ ಉಳಿದಿವೆ. ಕಲಿಸುವುದು ಎಂದರೆ ಬ್ರೇಕು ತೋರಿಸುವುದಷ್ಟೇ ಅಲ್ಲ. ಆಗಾಗ ಎರಡೂ ಕೈ ಊರಿ ಮೈ ಎತ್ತಿ ಸೀಟಿನ ಒತ್ತಡ ತಗ್ಗಿಸಬೇಕು, ಸಂಜೆ ಕನ್ನಡಿ ಹಿಡಿದು ಚರ್ಮ ಕೆಂಪಾಗಿದೆಯೇ ನೋಡಿಕೊಳ್ಳಬೇಕು. ಇದನ್ನು ಹೇಳಿಕೊಡದೆ ಕುರ್ಚಿ ಕೊಟ್ಟು ಬಂದರೆ ಜೀವಕ್ಕೇ ಅಪಾಯ.

ದುಡ್ಡು ಎತ್ತುವ ರೀತಿಯೂ ಬದಲಾಗಿದೆ. 2008ರಲ್ಲಿ ಶುರುವಾದ ಬೆಂಗಳೂರಿನ 10 ಕಿಲೋಮೀಟರ್ ಓಟದಲ್ಲಿ ಓಡುವವರು ತಂತಮ್ಮ ಬಂಧುಮಿತ್ರರಿಂದ ಸೇವಾಸಂಸ್ಥೆಗಳಿಗೆ ಹಣ ಕೂಡಿಸುತ್ತಾರೆ. ಗಾಲಿಕುರ್ಚಿಯವರೂ ಅಲ್ಲಿ ಸ್ಪರ್ಧಿಸುತ್ತಾರೆ. ಇಂಥವರಿಗೆ ದಾರಿ ತೋರಿದವರು ಉಡುಪಿ ಜಿಲ್ಲೆಯ ಕೋಟದ ಮಾಲತಿ ಹೊಳ್ಳ. ವರ್ಷದ ಮಗುವಾಗಿದ್ದಾಗ ಜ್ವರದಿಂದ ಸ್ವಾಧೀನ ಕಳೆದುಕೊಂಡವರು ಗಾಲಿಕುರ್ಚಿಯ ಕ್ರೀಡೆಗಳಲ್ಲಿ ನೂರಾರು ಪದಕ ಗೆದ್ದು, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು.

ಇನ್ನು ನಮ್ಮ ಊರಿನ ಮಾತು. ನೂರಕ್ಕೆ ಸುಮಾರು ಒಬ್ಬರಿಗೆ ಗಾಲಿಕುರ್ಚಿ ಬೇಕು ಎಂಬುದು ಆ ಮಾರ್ಗದರ್ಶಿಯ ಅಂದಾಜು. ಹಾಗೆಂದರೆ ಸಾವಿರ ಜನರ ಊರಲ್ಲಿ 10 ಮಂದಿ. ಅಷ್ಟು ಜನ ನಮ್ಮ ಕಣ್ಣಿಗೆ ಬೀಳುತ್ತಾರೆಯೇ? ಜಾತ್ರೆಯಲ್ಲಿ, ಸಂತೆಯಲ್ಲಿ, ನಮ್ಮ ವಾರ್ಷಿಕ ಮಹಾಸಭೆಯಲ್ಲಿ? ಬೀಳುವುದಿಲ್ಲ, ಒಳಗಿದ್ದಾರೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಅವರ ಮನೆ ಗೊತ್ತಿರುತ್ತದೆ. ಮೊದಲನೆಯ ಹಂತದ ಕೆಲಸ ಅವರನ್ನು ಜೊತೆಗೆ ಕರೆದುಕೊಂಡರೆ ಅರ್ಧ ಆದಂತೆ. ಎಂಟನೆಯ ಹಂತಕ್ಕೆ ನಮ್ಮ ಸೈಕಲ್ ಶಾಪಿನವರೇ ಸಾಕು: ಪಂಕ್ಚರ್ ಹಾಕುವುದು, ಕಡ್ಡಿ ಬಿಗಿಯುವುದು, ಬೇರಿಂಗಿಗೆ ಗ್ರೀಸ್ ಹಚ್ಚುವುದು ಅವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅದರ ಬಿಲ್ಲು ಕೊಡುವವರು ಬೇಕು. ಸಂಘದ ಲಾಭದಲ್ಲಿ ಸಾರ್ವಜನಿಕ ಹಿತಕ್ಕೆಂದು ಎತ್ತಿಡುವ ಹಣದಲ್ಲಿ ರಿಪೇರಿಗೊಂದು ಬಾಬತ್ತು ಇರಲೆಂದು ಆಡಳಿತ ಮಂಡಳಿಯವರನ್ನು ಈ ಸಂಚಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ಹೊಸ ಕುರ್ಚಿಗೆ ದಾನಿಗಳು ಸಿಗುತ್ತಾರೆ, ಹಳೇ ಕುರ್ಚಿಯ ಟ್ಯೂಬಿಗೆ ಸಿಗುವುದಿಲ್ಲ.

ಇನ್ನೊಂದು ಮೆಟ್ಟಿಲಿನ ವಿಷಯ. ‘ಅಂಗವಿಕಲ’ ಎಂಬ ಮಾತು ‘ವಿಕಲಚೇತನ’ ಆಯಿತು. 1995ರ ಕಾಯಿದೆ ಹೋಗಿ 2016ರ ಕಾಯಿದೆ ಬಂತು. ಹಾಲಿನ ಡೈರಿ, ಸೊಸೈಟಿ ಕಛೇರಿ, ನ್ಯಾಯಬೆಲೆ ಅಂಗಡಿ ಎಲ್ಲ ನಮ್ಮ ಕಡೆ ಹೆಚ್ಚಾಗಿ ಇನ್ನೂ ಜಗುಲಿಯ ಮೇಲೇ ಇವೆ. ಕುರ್ಚಿ ತಾನಾಗಿ ಹತ್ತಬೇಕಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ ಎಂದರೆ 18 ಅಡಿ. ಮುಂದೆ ಅಷ್ಟು ಜಾಗ ಇಲ್ಲದಿದ್ದರೆ ನಡುವೆ ತಿರುಗಿಸಿ, ತಿರುವಿನಲ್ಲಿ 5 ಅಡಿ ಚೌಕ ಸಮತಟ್ಟು ಬಿಟ್ಟು, ಗೋಡೆಯ ಮಗ್ಗುಲಿಗೆ ತಂದುಬಿಡಬಹುದು. ಮೇಲ್ಮೈ ನುಣ್ಣಗೆ ಮಾಡಿಸಬಾರದು, ಮಳೆಯಲ್ಲಿ ಜಾರುತ್ತದೆ. ಗಾರೆ ಒಣಗುವ ಮುಂಚೆ ಪೊರಕೆಯಿಂದ ಗೆರೆ ಎಳೆಸಬೇಕು. ಮೇಸ್ತ್ರಿಗೆ ಎರಡು ಮೂರು ದಿನದ ಕೆಲಸ.